ಅಜ್ಜಿ ಸೀರೆ ಎಷ್ಟು ಹಳೇದು, ಎಷ್ಟು ಬರುತ್ತೆ?

ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಗೆ ಯಾರಾದರೂ ಬಟ್ಟೆ ಚೀಲ ಎದೆಗೊತ್ತಿಕೊಂಡು ಬಂದರೆ ಒಳಗೇನಿದೆ ಅಂತ ನನಗೆ ಗೊತ್ತಾಗಿಬಿಡುತ್ತದೆ. ಅಜ್ಜಿಯ ರೇಷ್ಮೆ ಸೀರೆ, ಇಲ್ಲವೇ ತಾತನ ಕೋಟು. ನನ್ನ ಹತ್ತಿರ ಇಂಥವು ಅರವತ್ತು ಚಿಲ್ಲರೆ ಇವೆ ಅನ್ನುವ ಸುದ್ದಿ ಬಡಾವಣೆಗೆಲ್ಲ ಹಬ್ಬಿದೆ. ಕಾಫಿ ಲೋಟ ಕೆಳಗಿಡುವ ಮೊದಲೇ ಪ್ರಶ್ನೆ ಬರುತ್ತದೆ. "ಅಕ್ಕಾ, ಇದು ಎಷ್ಟು ಹಳೇದು? ಕೊಟ್ಟರೆ ಎಷ್ಟು ಬರುತ್ತೆ? ಇಟ್ಕೊಂಡರೆ ಹೇಗೆ ಇಡೋದು?"

ನಾನು ಮೊದಲು ಕೇಳುವುದು ಒಂದೇ. ಇದರ ಜೊತೆ ಇನ್ನೇನಿತ್ತು? ಡಬ್ಬ, ಚೀಟಿ, ಬಿಲ್ಲು ಏನಾದರೂ? "ಅಯ್ಯೋ ಅದೆಲ್ಲ ಎಸೆದ್ವಿ, ಸುಮ್ನೆ ಕಸ" ಅಂತಾರೆ. ಹೊಟ್ಟೆ ಉರಿಯುತ್ತದೆ.

ಯಾಕೆ ಅಂತ ನಮ್ಮ ಮನೆಯ ಕಥೆಯಲ್ಲೇ ಹೇಳುತ್ತೇನೆ. ನಮ್ಮಜ್ಜಿಯ ಟ್ರಂಕಿನಲ್ಲಿ ಒಂದು ಕಡುಹಸಿರು ಮೈಸೂರು ಸಿಲ್ಕ್ ಇತ್ತು. ಅದು ಅಜ್ಜಿಯ ಧಾರೆ ಸೀರೆ, 1948ರದ್ದು ಅಂತ ಮನೆಮಂದಿಯೆಲ್ಲ ನಂಬಿದ್ದರು. ನಾನೂ ಹಾಗೇ ಬರೆದಿಟ್ಟಿದ್ದೆ. ಆಮೇಲೆ ಅದೇ ಟ್ರಂಕಿನ ತಳದ ಕಾಗದದ ಅಡಿಯಲ್ಲಿ ಅದರ ಬಿಲ್ಲು ಸಿಕ್ಕಿತು. ಬಣ್ಣ, ಅಂಚು ಎಲ್ಲ ಬರೆದಿತ್ತು. ತಾರೀಖಿನ ಜಾಗ ಮಾತ್ರ ಗೆದ್ದಲ ಪಾಲಾಗಿತ್ತು. ಆದರೆ ಮೊತ್ತದ ಕೊನೆಯಲ್ಲಿ "ನ. ಪೈ." ಅಂತ ಇತ್ತು. ನಯಾ ಪೈಸೆ! 1957ರ ಏಪ್ರಿಲ್ 1ಕ್ಕೆ ಆಣೆ ಹೋಗಿ ನಯಾ ಪೈಸೆ ಬಂತು. 1964ರ ಜೂನ್‌ನಲ್ಲಿ "ನಯಾ" ಬಿಟ್ಟುಹೋಗಿ ಬರೀ ಪೈಸೆ ಆಯಿತು. ಅಂದರೆ ಈ ಸೀರೆ ಕೊಂಡದ್ದು ಹೆಚ್ಚುಕಡಿಮೆ ಆ ಏಳು ವರ್ಷದೊಳಗೆ. ಧಾರೆಯಾಗಿ ಒಂಬತ್ತು ವರ್ಷವಾದರೂ ಕಳೆದ ಮೇಲೆ ಕೊಂಡ ಸೀರೆ ಧಾರೆ ಸೀರೆ ಹೇಗಾಗುತ್ತದೆ?

ಹೀಗೆ ಕಾಗದ ಬಾಯಿ ಬಿಡುತ್ತದೆ. ಅಂಗಡಿಯ ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ ಆದಮೇಲಿನದು. "ಮೈಸೂರು ರಾಜ್ಯ" ಅಂತಿದ್ದರೆ 1973ರ ನವೆಂಬರ್‌ಗೆ ಮುಂಚಿನದು. ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆಯನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಶುರು ಮಾಡಿಸಿದ್ದು 1912ರಲ್ಲಿ. ಅದು ಕೆಎಸ್‌ಐಸಿ, ಅಂದರೆ ರಾಜ್ಯ ಸರ್ಕಾರದ ರೇಷ್ಮೆ ಉದ್ಯಮಗಳ ನಿಗಮದ ಕೈಗೆ ಬಂದದ್ದು 1980ರಲ್ಲಿ. ಹಾಗಾಗಿ ಚೀಟಿಯಲ್ಲಿ ಆ ಹೆಸರಿದ್ದರೆ "ನಮ್ಮ ಮುತ್ತಜ್ಜಿಯ ಮದುವೆಯದು" ಅನ್ನುವ ಮಾತನ್ನು ಸ್ವಲ್ಪ ಪಕ್ಕಕ್ಕಿಡಬೇಕು. ಒಂದು ಎಚ್ಚರಿಕೆ ಇದೆ. ಅಂಗಡಿಯವರು ಹಳೆಯ ಬಿಲ್ ಪುಸ್ತಕ ಮುಗಿಯುವ ತನಕ ಬಿಡುವವರಲ್ಲ. ಒಂದೆರಡು ವರ್ಷ ಅತ್ತಿತ್ತ ಆಗಬಹುದು.

ಕಾಗದ ಇಲ್ಲದಿದ್ದರೆ ಬಟ್ಟೆಯನ್ನೇ ಕೇಳಬೇಕು. ಕೋಟು, ಪ್ಯಾಂಟಾದರೆ ಒಳಹೊಲಿಗೆ ಬಿಚ್ಚಿ ನೋಡಿ. ಬಟ್ಟೆಯ ಅಂಚಿನಲ್ಲಿ ಮಿಲ್ಲಿನ ಹೆಸರು ಇರುವುದುಂಟು. ಒಳಗಿನಿಂದ ಒಂದೆಳೆ ದಾರ ತೆಗೆದು ಸುಡಿ. ರೇಷ್ಮೆ, ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಫಾಲ್, ಕುಚ್ಚು, ರಫೂ ನೋಡಿ ಮಾತ್ರ ವರ್ಷ ಹೇಳಬೇಡಿ. ಅವನ್ನು ಯಾವಾಗ ಬೇಕಾದರೂ ಮಾಡಿಸಿರಬಹುದು ಅಲ್ವಾ?

ಇನ್ನು ಇಡುವ ವಿಷಯ. ಇದರಲ್ಲಿ ನಾನು ಮಾಡದ ತಪ್ಪಿಲ್ಲ. ಒಂದು ನೀಲಿ ಸೀರೆಯನ್ನು ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲೇ ಹತ್ತು ವರ್ಷ ಬಿಟ್ಟಿದ್ದೆ. ತೆಗೆದಾಗ ಜರಿ ಕಪ್ಪಿಟ್ಟಿತ್ತು, ಮಡಿಕೆ ಇದ್ದಲ್ಲೆಲ್ಲ ಗೀರು ಬಿದ್ದಂತೆ ಸೀಳಿತ್ತು. ಜರಿಯಲ್ಲಿರುವುದು ಬೆಳ್ಳಿ. ಪೂಜೆಯ ಬಟ್ಟಲು ಕಪ್ಪಾಗುವ ಹಾಗೆಯೇ ಅದೂ ಆಗುತ್ತದೆ. ಹಾಗಂತ ಬಟ್ಟಲಿಗೆ ಹಚ್ಚುವ ವಿಭೂತಿ, ಹುಣಸೆಹಣ್ಣು, ಟೂತ್‌ಪೇಸ್ಟ್ ಇದಕ್ಕೆ ಹಚ್ಚಬೇಡಿ. ಉಜ್ಜಿದರೆ ಮೇಲಿನ ಚಿನ್ನದ ನೀರೂ ಹೋಗುತ್ತದೆ, ಪಕ್ಕದ ರೇಷ್ಮೆಯೂ ಹೋಗುತ್ತದೆ. ಕಪ್ಪಾದದ್ದು ಕಪ್ಪಾಗಿಯೇ ಇರಲಿ ಬಿಡಿ.

ಈಗ ನಾನು ಮಾಡುವುದು ಇಷ್ಟು. ಹತ್ತಾರು ಸಲ ಒಗೆದು ಮೆತ್ತಗಾದ, ಗಂಜಿ ಹಾಕದ ಬಿಳಿ ಪಂಚೆಯಲ್ಲಿ ಒಂದೊಂದನ್ನೇ ಸುತ್ತುತ್ತೇನೆ. ಗಂಜಿ ಇದ್ದರೆ ಬೆಳ್ಳಿಮೀನು ಅನ್ನುವ ಹುಳ ಬರುತ್ತದೆ. ನ್ಯೂಸ್ ಪೇಪರ್ ಬೇಡವೇ ಬೇಡ, ಅದರ ಮಸಿಯೂ ಕೆಟ್ಟದ್ದು, ಕಾಗದದಲ್ಲಿರುವ ಹುಳಿಯೂ (ಆಮ್ಲ) ಕೆಟ್ಟದ್ದು. ಜರಿ ಜಾಸ್ತಿ ಇರುವ ಸೀರೆಯನ್ನು ಹ್ಯಾಂಗರಿಗೆ ಹಾಕುವುದಿಲ್ಲ. ತನ್ನ ಭಾರಕ್ಕೆ ತಾನೇ ಹರಿಯುತ್ತದೆ. ತೀರಾ ಭಾರದ್ದು ಟ್ರಂಕಿನ ತಳಕ್ಕೆ, ಹಗುರದ್ದು ಮೇಲಕ್ಕೆ. ಸಂಕ್ರಾಂತಿ, ಭೀಮನ ಅಮಾವಾಸ್ಯೆ, ದಸರಾ, ಹೀಗೆ ವರ್ಷಕ್ಕೆ ಮೂರು ಸಲ ಬಿಚ್ಚಿ, ನೆರಳಲ್ಲಿ ಗಾಳಿಗೆ ಹರವಿ, ಹಳೆಯ ಮಡಿಕೆ ಬಿಟ್ಟು ಬೇರೆ ಕಡೆ ಮಡಿಸುತ್ತೇನೆ. ದಸರೆಯಲ್ಲಿ ಹೇಗೂ ಗೊಂಬೆ ಪೆಟ್ಟಿಗೆ ಇಳಿಸಬೇಕಲ್ಲ, ಜೊತೆಗೆ ಇದೂ ಆಗಿಹೋಗುತ್ತದೆ. ಮಳೆಗಾಲದ ಥಂಡಿ ಕೂತಿದ್ದರೆ ಆಗ ಗೊತ್ತಾಗುತ್ತದೆ.

ನುಸಿ ಗುಳಿಗೆ? ನಾನು ಬಿಟ್ಟಿದ್ದೇನೆ. ಜರಿಗೆ ತಾಗಿದರೆ ಕಲೆ, ಆ ವಾಸನೆ ಹೋಗುವುದೂ ಇಲ್ಲ. ಎಳೆ ಮಕ್ಕಳಿರುವ ಮನೆಗಂತೂ ಬೇಡ, ಕೆಲವು ಮಕ್ಕಳಿಗೆ ಅದು ರಕ್ತಕ್ಕೇ ತೊಂದರೆ ಕೊಡುತ್ತದೆ. ದೇವರಾಜ ಮಾರುಕಟ್ಟೆಯ ಗ್ರಂಥಿಗೆ ಅಂಗಡಿಯಿಂದ ಬಜೆ, ಲಾವಂಚ ತಂದು ಚಿಕ್ಕ ಬಟ್ಟೆ ಗಂಟು ಕಟ್ಟಿ ಮೂಲೆಯಲ್ಲಿಡುತ್ತೇನೆ. ಅದು ಹುಳವನ್ನು ಕೊಲ್ಲುತ್ತದೆ ಅಂತ ನಾನು ಹೇಳುವುದಿಲ್ಲ. ಪರಿಮಳ ಚೆನ್ನಾಗಿದೆ. ಕಾಯುವುದು ಮೂರು ಸಲ ಬಿಚ್ಚಿ ನೋಡುವ ಕೆಲಸವೇ.

ಬೆಲೆ? ನಾಲ್ಕು ಜನರನ್ನು ಕೇಳಿದರೆ ನಾಲ್ಕು ಬೆಲೆ. ಇಂಟರ್ನೆಟ್ಟಿನಲ್ಲಿ ಕಾಣುವುದು ಮಾರುವವರು ಕೇಳುವ ಬೆಲೆ, ಕೊಂಡವರು ಕೊಟ್ಟದ್ದಲ್ಲ. ಬೀದಿಯಲ್ಲಿ "ಹಳೇ ಜರಿ ಸೀರೇ..." ಅಂತ ಕೂಗಿಕೊಂಡು ಬರುವವನಿಗೆ ನೇಯ್ಗೆ, ಬಣ್ಣ, ಅಜ್ಜಿ ಯಾವುದೂ ಬೇಡ. ಅಂಚು ಸುಟ್ಟರೆ ಎಷ್ಟು ಬೆಳ್ಳಿ ಅನ್ನುವುದಷ್ಟೇ ಅವನ ಲೆಕ್ಕ. "ಚಿನ್ನದ ಜರಿ" ಅಂತ ಜಂಬ ಪಡುವವರಿಗೆ ಒಂದು ಮಾತು. ಈಗಿನ ಮೈಸೂರು ಸಿಲ್ಕ್ ಜರಿಯಲ್ಲಿ ಬೆಳ್ಳಿ ನೂರಕ್ಕೆ 65, ಚಿನ್ನ ಬರೀ 0.65. ಸಂಗ್ರಹ ಮಾಡುವವರು ನೋಡುವುದು ಬೇರೆ. ಮಡಿಕೆ ಸೀಳಿಲ್ಲವೇ, ಸೆರಗು ಪೂರ್ತಿ ಇದೆಯೇ, ಬಿಲ್ಲಿದೆಯೇ, ಅದನ್ನು ಉಟ್ಟವರ ಫೋಟೋ ಇದೆಯೇ. ಅದಕ್ಕೇ ಬಂದವರಿಗೆಲ್ಲ ಹೇಳುವುದು: ಒಗೆಯುವ ಮೊದಲು ಬರೆಯಿರಿ. ಯಾರದ್ದು, ಯಾವಾಗಿನದು, ಯಾರು ಹೇಳಿದ್ದು. ಪೆನ್ಸಿಲ್ಲಿನಲ್ಲಿ ಬರೆದು ಜೊತೆಗಿಡಿ. ಪೆನ್ನಿನ ಮಸಿ ಬಟ್ಟೆಗಿಳಿಯುತ್ತದೆ.

ಆ ಹಸಿರು ಸೀರೆಯ ಬಿಲ್ಲು ಹಿಡಿದು ಮಂಡ್ಯಕ್ಕೆ ಹೋಗಿ ದೊಡ್ಡಮ್ಮನನ್ನು ಕೇಳಿದೆ. ಅವರು ನಕ್ಕರು. "ಧಾರೆ ಸೀರೆ ಎಲ್ಲಿಂದ ಬಂತೇ? ಅದನ್ನ ಅಮ್ಮ ಜರಿಯವನಿಗೆ ಕೊಟ್ಟು, ಆ ದುಡ್ಡಲ್ಲಿ ಸ್ಟೀಲ್ ಡಬರಿ ತಂದಳು. ಅಪ್ಪ ಬೈತಾರೆ ಅಂತ ಯಾರು ಕೇಳಿದರೂ ಈ ಹಸಿರುದನ್ನೇ ತೋರಿಸ್ತಿದ್ದಳು." ಅಡುಗೆಮನೆಗೆ ಕರೆದುಕೊಂಡು ಹೋದರು. ಇಡ್ಲಿಗೆ ಅಕ್ಕಿ ನೆನೆಹಾಕಿದ್ದ ಡಬರಿ. ಕಂಠದಲ್ಲಿ ಚುಕ್ಕಿ ಚುಕ್ಕಿಯಾಗಿ ಅಜ್ಜಿಯ ಹೆಸರು ಕೊರೆಸಿತ್ತು, ಪಕ್ಕದಲ್ಲಿ ತಾರೀಖೂ ಇತ್ತು: 12-5-71.