ಸಿಟ್ಟಿಲ್ಲದವನ ಬಿಪಿ

ನಮ್ಮ ಸಿಂಧನೂರಿನ ಕಡೆ ಬಿಪಿ ಎಂದರೆ ಸಿಟ್ಟು. ‘ಸುಮ್ಮನೆ ನನ್ನ ಬಿಪಿ ಏರಿಸಬೇಡ’ ಎಂದು ಕಂಡಕ್ಟರ್ ಚಿಲ್ಲರೆ ಇಲ್ಲದವನಿಗೆ ಹೇಳುತ್ತಾನೆ, ಮಾವ ಅಳಿಯನಿಗೆ ಹೇಳುತ್ತಾನೆ. ನಾನು ಹೈಸ್ಕೂಲಿನ ಡ್ರಿಲ್ ಮಾಸ್ತರ. ಸೀಟಿ ಊದುವುದುಂಟು, ಬೈಯುವುದು ಕಡಿಮೆ. ಆದ್ದರಿಂದ ಬಿಪಿ ನನ್ನ ಪಾಲಿನ ಕಾಯಿಲೆಯಲ್ಲ ಎಂದು 48 ವರ್ಷ ನಂಬಿಕೊಂಡಿದ್ದೆ.

ಕಳೆದ ಬೇಸಿಗೆಯಲ್ಲಿ ಶಾಲೆಯ ಸಿಬ್ಬಂದಿಯ ತಪಾಸಣೆಗೆ ಆರೋಗ್ಯ ಇಲಾಖೆಯವರು ಬಂದರು. ಮೊದಲು ಕುಳಿತವರು ಗಣಿತದ ಮಾಸ್ತರರು. ಅವರು ಕೋಪಗೊಂಡರೆ ದನಿ ನಾಲೆಯ ಆಚೆಗೂ ಕೇಳಿಸುತ್ತದೆ. ಅವರದು 122/78. ಅವರಿಗೆ ಸ್ವಲ್ಪ ಅವಮಾನವೇ ಆದಂತಿತ್ತು. ಯಂತ್ರ ಸರಿಯಿದೆಯೇ ಎಂದು ಎರಡು ಸಲ ಕೇಳಿದರು. ನನ್ನದು 172/106.

‘ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ ಸರ್. ಕಾಲ ಮೇಲೆ ಕಾಲು ಹಾಕಬೇಡಿ, ಮಾತನಾಡಬೇಡಿ’ ಎಂದರು ನರ್ಸ್. ಎರಡನೇ ಸಲ 168/104. ತಲೆನೋವು, ತಲೆಸುತ್ತು, ಎದೆಬಿಗಿತ ಏನಾದರೂ ಇದೆಯೇ ಎಂದು ಕೇಳಿದರು. ಏನೂ ಇಲ್ಲ, ಬೆಳಗ್ಗೆಯಷ್ಟೇ ಐದು ಕಿಲೋಮೀಟರ್ ಓಡಿ ಬಂದಿದ್ದೇನೆ ಎಂದೆ. ಅವರು ತಲೆ ಎತ್ತದೆ ರಿಜಿಸ್ಟರಿನಲ್ಲಿ ಬರೆದುಕೊಂಡರು.

ಆ ರಾತ್ರಿ ನಿದ್ದೆ ಬರಲಿಲ್ಲ. ನೆನಪಾದದ್ದು ಸ್ಯಾಮುಯೆಲ್ ಒಕ್ವಾರಾಜಿ. ತರಬೇತಿ ಕಾಲದಲ್ಲಿ ನಮ್ಮ ಫುಟ್‌ಬಾಲ್ ಕೋಚ್ ಒಬ್ಬರು ಈ ಹೆಸರನ್ನು ಹೇಳಿದ್ದರು. ನೈಜೀರಿಯಾದ ಆಟಗಾರ, ಕಾನೂನು ಓದಿದ್ದವನು, ಇಪ್ಪತ್ತೈದರ ಹರೆಯ. 1989ರ ಆಗಸ್ಟ್ 12ರಂದು ಲಾಗೋಸ್‌ನಲ್ಲಿ ಅಂಗೋಲಾ ವಿರುದ್ಧ ವಿಶ್ವಕಪ್ ಅರ್ಹತಾ ಪಂದ್ಯ. ಯಾರೂ ಡಿಕ್ಕಿ ಹೊಡೆಯಲಿಲ್ಲ, ಕಾಲು ತೊಡರಲಿಲ್ಲ. 77ನೇ ನಿಮಿಷದಲ್ಲಿ ಕುಸಿದವನು ಮತ್ತೆ ಏಳಲಿಲ್ಲ. ಶವಪರೀಕ್ಷೆಯಲ್ಲಿ ಕಂಡದ್ದು ಹಿಗ್ಗಿದ ಹೃದಯ, ಅದರ ಜೊತೆಗೆ ಅಧಿಕ ರಕ್ತದೊತ್ತಡ. 2003ರಲ್ಲಿ ಲಿಯಾನ್‌ನಲ್ಲಿ ಪಂದ್ಯದ ನಡುವೆ ಕುಸಿದ ಕ್ಯಾಮರೂನಿನ ಆಟಗಾರ ಮಾರ್ಕ್-ವಿವಿಯೆನ್ ಫೋ ಎಲ್ಲರಿಗೂ ಗೊತ್ತು, ಅದನ್ನು ಟಿವಿಯಲ್ಲಿ ಜಗತ್ತೇ ನೋಡಿತು. ಆದರೆ ಫೋಗೆ ಇದ್ದದ್ದು ಹೃದಯದ ಸ್ನಾಯುವಿನದೇ ಕಾಯಿಲೆ, ಅದನ್ನು ಹಿಡಿಯಲು ದೊಡ್ಡ ಪರೀಕ್ಷೆಗಳು ಬೇಕು. ಬಿಪಿ ಹಿಡಿಯಲು ತೋಳಿಗೊಂದು ಪಟ್ಟಿ ಸಾಕು. ನನ್ನನ್ನು ಕಾಡುವವನು ಒಕ್ವಾರಾಜಿಯೇ.

ತಾಲೀಮಿನಲ್ಲಿ ದಂಡ ಹೊಡೆದು ರಟ್ಟೆ ದಪ್ಪವಾದರೆ ನಾವು ಬೆನ್ನು ತಟ್ಟುತ್ತೇವೆ. ಬಿಗಿದ ರಕ್ತನಾಳಗಳ ಎದುರು ವರ್ಷಗಟ್ಟಲೆ ರಕ್ತ ತಳ್ಳುವ ಹೃದಯವೂ ಹಾಗೆಯೇ ದಪ್ಪವಾಗುತ್ತದೆ. ಅದನ್ನು ಮೆಚ್ಚುವಂತಿಲ್ಲ. ದಪ್ಪವಾದ ಗೋಡೆಗೆ ಸಾಕಷ್ಟು ರಕ್ತ ಸಿಗುವುದಿಲ್ಲ, ನಡುನಡುವೆ ಗಾಯದ ಕಲೆಗಳು ಕಟ್ಟುತ್ತವೆ, ಮಿಡಿತದ ವಿದ್ಯುತ್ತು ಅಲ್ಲಿ ದಾರಿ ತಪ್ಪುತ್ತದೆ. ಒಂದು ದಿನ ಹೃದಯ ಬಡಿಯುವುದನ್ನು ಬಿಟ್ಟು ಬರೀ ನಡುಗತೊಡಗುತ್ತದೆ. ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ಹೋಗುತ್ತದೆ. ಶ್ರೀಮಂತ ದೇಶಗಳಲ್ಲಿ ಹಠಾತ್ ಸಾವಿನ ಹಿಂದೆ ಹೆಚ್ಚಾಗಿ ಇರುವುದು ರಕ್ತನಾಳದ ಬ್ಲಾಕೇಜ್. ನೈಜೀರಿಯಾದ ಇಲೆ-ಇಫೆಯಲ್ಲಿ ಹೀಗೆ ಸತ್ತವರ ಶವಪರೀಕ್ಷೆ ಮಾಡಿದ ವೈದ್ಯರಿಗೆ ಹೆಚ್ಚಾಗಿ ಸಿಕ್ಕಿದ್ದು ಬಿಪಿಯಿಂದ ಕೆಟ್ಟ ಹೃದಯ. ಬಿಪಿ ಇರುವ ವಯಸ್ಕರಲ್ಲಿ ಸುಮಾರು 46% ಮಂದಿಗೆ ಅದು ಗೊತ್ತೇ ಇಲ್ಲ ಎಂಬುದು 2021ರ ಜಾಗತಿಕ ಲೆಕ್ಕ. ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ ಗೊತ್ತಿಲ್ಲದವರ ಪಾಲು ಇನ್ನೂ ಹೆಚ್ಚು. ಅಲ್ಲಿಯ ಮಂದಿಗೆ ಅದು ರಕ್ತದಲ್ಲೇ ಬಂದದ್ದು ಎಂದು ಹೇಳಿ ಕೈತೊಳೆದುಕೊಳ್ಳುವವರಿದ್ದಾರೆ. ಅಳೆಯುವವರೇ ಇಲ್ಲದ ಕಡೆ ರಕ್ತವನ್ನು ದೂರುವುದು ಸುಲಭ.

ಈಗ ನನ್ನದೇ ತಪ್ಪಿಗೆ ಬರುತ್ತೇನೆ. ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಮೊದಲು ಪ್ರತಿ ವರ್ಷ ದೈಹಿಕ ಸಾಮರ್ಥ್ಯದ ಪ್ರಮಾಣಪತ್ರಗಳಿಗೆ ಸಹಿ ಹಾಕಿಸಿಕೊಂಡು ಬರುವುದು ನನ್ನ ಕೆಲಸ. ನಲವತ್ತು ಮಕ್ಕಳ ಹಾಳೆಗಳು, ಒಂದೇ ಪೆನ್ನು, ಹದಿನೈದು ನಿಮಿಷ. ಮಕ್ಕಳು ಶಾಲೆಯಲ್ಲೇ ಇರುತ್ತಿದ್ದರು. ಸಹಿ ಹಾಕಿದವರನ್ನು ದೂರುವ ಮುಖ ನನಗಿಲ್ಲ. ಬೇಗ ಆಯಿತಲ್ಲ ಎಂದು ಚಹಾ ಕುಡಿಸಿದವನು ನಾನೇ.

ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದಾಗ ಒಂದು ಸೆಂಟಿಮೀಟರಿನ ಆಸುಪಾಸು ಇರಬೇಕಾದ ಹೃದಯದ ಗೋಡೆ 13 ಮಿಲಿಮೀಟರ್ ಇತ್ತು. ದಿನಕ್ಕೊಂದು ಮಾತ್ರೆ ಶುರುವಾಯಿತು. ಅದರ ತಕರಾರಿಲ್ಲ. ತಕರಾರು ಉಪ್ಪಿನದು. ದಿನಕ್ಕೆ 5 ಗ್ರಾಮಿನೊಳಗೆ, ಅಂದರೆ ಒಂದು ಚಹಾ ಚಮಚದಷ್ಟು. ಮಂಡಕ್ಕಿ ಒಗ್ಗರಣೆ, ಜೊತೆಗೆ ಎರಡು ಮಿರ್ಚಿ, ಮಧ್ಯಾಹ್ನ ರೊಟ್ಟಿಗೆ ಶೇಂಗಾ ಚಟ್ನಿ, ಮಾವಿನ ಉಪ್ಪಿನಕಾಯಿ, ಬಿಸಿಲಿಗೆಂದು ಉಪ್ಪು ಹಾಕಿದ ಮಜ್ಜಿಗೆ: ಹೆಂಡತಿ ಒಂದು ದಿನ ಇದನ್ನೆಲ್ಲ ಬೆರಳು ಮಡಚಿ ಎಣಿಸಿದಳು. ಎಣಿಸಿದ ಮೇಲೆ ಉಪ್ಪಿನಕಾಯಿ ಭರಣಿ ಅಟ್ಟಕ್ಕೆ ಏರಿತು. ಅಂದು ಮಾತ್ರ ನನಗೆ ಸಿಟ್ಟು ಬಂದಿತ್ತು.

ಈ ವರ್ಷ ಕ್ರೀಡಾಕೂಟಕ್ಕೆ ಬಿಪಿ ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಮಕ್ಕಳನ್ನು ಈ ಸಲ ವೈದ್ಯರ ಎದುರೇ ನಿಲ್ಲಿಸಿದ್ದೆ; ಯಂತ್ರ ದೊಡ್ಡವರಿಗೆ. ತಂಡವನ್ನು ಕರೆತಂದ ಟೆಂಪೊ ಡ್ರೈವರ್ ಬೇವಿನ ನೆರಳಿನಲ್ಲಿ ಕುಳಿತಿದ್ದ. ‘ನನಗೆ ಯಾಕೆ ಸರ್, ನನಗೆ ಸಿಟ್ಟೇ ಬರುವುದಿಲ್ಲ’ ಎಂದ. 164/100. ಸೋಮವಾರ ಸರ್ಕಾರಿ ಆಸ್ಪತ್ರೆಗೆ ಹೋಗು ತಮ್ಮಾ ಎಂದೆ. ಸೋಮವಾರ ಬಾಡಿಗೆ ಇದೆ, ಮಂಗಳವಾರ ಹೋಗುತ್ತೇನೆ ಎಂದ. ಮೂರು ಮಂಗಳವಾರಗಳಾದವು. ನಿನ್ನೆ ಮತ್ತೆ ಫೋನ್ ಮಾಡಿದೆ. ಭತ್ತದ ಲೋಡು ಹಾಕಿಕೊಂಡು ಗಂಗಾವತಿಯಲ್ಲಿದ್ದ.