ಮಿಲಿಸೆಕೆಂಡ್ ಲೆಕ್ಕ ಬಿಡಿ, ಎಳೆತ ಕಡಿಯುತ್ತಾ ನೋಡಿ

ಸ್ಪೋರ್ಟ್ಸ್ ಕಾರುಗಳ ಮಾತು ಶುರುವಾದರೆ ಸಾಕು, ಗೇರ್ ಎಷ್ಟು ಮಿಲಿಸೆಕೆಂಡಿನಲ್ಲಿ ಬದಲಾಗುತ್ತದೆ ಅಂತ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಬಿಎಂಡಬ್ಲ್ಯು ಎಂ3 ಸಿಎಸ್‌ಎಲ್‌ನ ಎಸ್‌ಎಂಜಿ ಗೇರ್‌ಬಾಕ್ಸ್‌ಗೆ 80. ಫೆರಾರಿ 430 ಸ್ಕುಡೇರಿಯಾಗೆ 60. ಲ್ಯಾಂಬೊರ್ಗಿನಿ ಅವೆಂಟಡಾರ್‌ಗೆ 50. ಇವೆಲ್ಲ ಕಂಪನಿಗಳೇ ಕೊಟ್ಟ ಅಂಕಿಗಳು, ಸುಳ್ಳಲ್ಲ. ಆದರೂ ಅವೆಂಟಡಾರ್‌ನಲ್ಲಿ ಪೂರ್ತಿ ಆಕ್ಸಿಲರೇಟರ್ ತುಳಿದು ಗೇರ್ ಏರಿಸಿದರೆ ಒಳಗೆ ಕೂತವರ ತಲೆ ಮುಂದೆ ಹೋಗಿ ಹಿಂದಕ್ಕೆ ಬಡಿಯುತ್ತದೆ, ಅದೇ 2003ರ ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32ನಲ್ಲಿ ಗೇರ್ ಬದಲಾಗಿದ್ದು ಟ್ಯಾಕೋಮೀಟರ್ ಮುಳ್ಳು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಅಷ್ಟು ಬೇಗ ಬದಲಾಗುವುದು ಯಾಕೆ ಇಷ್ಟು ಜೋರಾಗಿ ಕುಲುಕಬೇಕು? ನನಗೆ ಅನಿಸುವುದು, ನಾವು ಅಳೆಯುತ್ತಿರುವುದೇ ತಪ್ಪು ವಿಷಯವನ್ನು. ಗೇರ್ ಬದಲಾಗುವ ಆ ಹೊತ್ತಿನಲ್ಲಿ ಇಂಜಿನ್‌ನ ಎಳೆತ ಚಕ್ರಕ್ಕೆ ಹೋಗುವುದು ನಿಲ್ಲುತ್ತಾ, ಇಲ್ವಾ? ಕೇಳಬೇಕಾದ್ದು ಇದು.

ಮೊದಲು ಒಂದೇ ಕ್ಲಚ್ ಇರುವ ಆಟೋಮೇಟೆಡ್ ಮ್ಯಾನ್ಯುಯಲ್, ಅಂದರೆ ಎಎಂಟಿ ನೋಡೋಣ. ಕ್ಲಚ್ ಅಂದರೆ ಇಂಜಿನ್ನನ್ನು ಗೇರ್‌ಬಾಕ್ಸ್ ಜೊತೆ ಕೂಡಿಸುವ, ಬಿಡಿಸುವ ಭಾಗ. ಸಿಎಸ್‌ಎಲ್‌ನ ಪೀಳಿಗೆಯದೇ ಆದ ಎಂ3 ಇ46ನ ಎಸ್‌ಎಂಜಿ ಬಿಚ್ಚಿ ನೋಡಿದರೆ ಒಳಗಿರುವುದು ಮಾಮೂಲಿ ಗೆಟ್ರಾಗ್ ಸಿಕ್ಸ್ ಸ್ಪೀಡ್ ಮ್ಯಾನ್ಯುಯಲ್ ಗೇರ್‌ಬಾಕ್ಸ್. ಅದರ ಮೇಲೆ ಒಂದು ಹೈಡ್ರಾಲಿಕ್ ಪಂಪ್, ಒತ್ತಡ ಹಿಡಿದಿಡುವ ಅಕ್ಯುಮುಲೇಟರ್, ಒಂದಷ್ಟು ವಾಲ್ವ್‌ಗಳು. ನೀವು ಸ್ಟೀರಿಂಗ್ ಹಿಂದಿನ ಪ್ಯಾಡಲ್ ಎಳೆದ ಕೂಡಲೇ ಕಂಪ್ಯೂಟರ್ ಇಂಜಿನ್‌ನ ಟಾರ್ಕ್ (ತಿರುಗಿಸುವ ಬಲ) ಇಳಿಸುತ್ತದೆ, ಎಣ್ಣೆಯ ಒತ್ತಡದಿಂದ ಕ್ಲಚ್ ಬಿಡಿಸುತ್ತದೆ, ಇದ್ದ ಗೇರ್ ಕಳಚುತ್ತದೆ, ಮುಂದಿನದನ್ನು ತೂರಿಸುತ್ತದೆ, ಮತ್ತೆ ಕ್ಲಚ್ ಕೂಡಿಸುತ್ತದೆ. ನಾವು ಕಾಲು ಕೈ ಸೇರಿಸಿ ಮಾಡುವುದೂ ಇಷ್ಟೇ ಅಲ್ವಾ, ಅದು ಬೇಗ ಮಾಡುತ್ತದೆ ಅಷ್ಟೇ. ಇ46 ಎಂ3ಗಳ ಎಸ್‌ಎಂಜಿ ಭಾಗಗಳನ್ನು ತೆಗೆಸಿ ಕ್ಲಚ್ ಪೆಡಲ್ ಹಾಕಿಸಿಕೊಳ್ಳುವವರು ಈಗ ಜಾಸ್ತಿ ಇರುವುದಕ್ಕೆ ಇದೂ ಒಂದು ಕಾರಣ. ಗೇರ್‌ಬಾಕ್ಸ್ ಅದೇ ಆದ್ದರಿಂದ ಕೆಲಸ ಸಾಧ್ಯವಾಗುತ್ತದೆ. ಹಳೆಯ ಕಾರುಗಳಲ್ಲಿ ಪಂಪ್ ಕೈಕೊಡುವುದು ಇನ್ನೊಂದು ಕಾರಣ.

ಈಗ ಆ ನಡುವಿನ ಹೊತ್ತನ್ನೇ ಹತ್ತಿರದಿಂದ ನೋಡಿ. ಕ್ಲಚ್ ಬಿಟ್ಟಿದೆ, ಎಳೆತ ಸೊನ್ನೆ. ಎರಡನೇ ಗೇರಿನಲ್ಲಿ ಇಂಜಿನ್ 8000 ಆರ್‌ಪಿಎಂ ತಿರುಗುತ್ತಾ ಕಾರು ಮುನ್ನುಗ್ಗುತ್ತಿತ್ತು, ನಿಮ್ಮ ಬೆನ್ನು ಸೀಟಿಗೆ ಒತ್ತಿಕೊಂಡಿತ್ತು. ಅದು ಒಮ್ಮೆಲೇ ಇಲ್ಲವಾದಾಗ ಮೈ ಮುಂದಕ್ಕೆ ಬರುತ್ತದೆ. ಅಷ್ಟರಲ್ಲಿ ಮೂರನೇ ಗೇರ್ ಕೂಡಿ ಎಳೆತ ವಾಪಸ್ ಬರುತ್ತದೆ, ಮೈ ಹಿಂದಕ್ಕೆ ಹೋಗುತ್ತದೆ. ಈ ಅಂತರವನ್ನು ಎಷ್ಟು ಚಿಕ್ಕದು ಮಾಡಿದರೂ ಅದು ಇದ್ದೇ ಇರುತ್ತದೆ. ಚಿಕ್ಕದು ಮಾಡಿದಷ್ಟೂ ಕ್ಲಚ್ ರಪ್ ಅಂತ ಕೂಡಬೇಕು, ಕುಲುಕಾಟ ಇನ್ನೂ ಜೋರು. ನಿಧಾನಕ್ಕೆ ಕೂಡಿಸಿದರೆ ಕುಲುಕು ಕಡಿಮೆ, ಆದರೆ ಕಾರು ಆಕಳಿಸಿದ ಹಾಗೆ ತಡೆಯುತ್ತದೆ. ಇಂಥ ಗೇರ್‌ಬಾಕ್ಸ್ ಓಡಿಸಿ ಪಳಗಿದವರು ಪ್ಯಾಡಲ್ ಎಳೆಯುವಾಗ ಆಕ್ಸಿಲರೇಟರ್ ಮೇಲಿನ ಕಾಲನ್ನು ಸ್ವಲ್ಪ ಸಡಿಲ ಮಾಡುತ್ತಾರೆ. ಆಗ ಎರಡೂ ಕಡೆ ಎಳೆತದ ವ್ಯತ್ಯಾಸ ಕಡಿಮೆಯಾಗಿ ಗೇರ್ ಮೆತ್ತಗೆ ಕೂರುತ್ತದೆ. ಇದು ನಿಜವಾಗಿ ಕೆಲಸ ಮಾಡುವ ಉಪಾಯ, ನಮ್ಮ ಊರಿನ ಎಎಂಟಿ ಕಾರುಗಳಲ್ಲೂ.

ಇದೆಲ್ಲ ಬಂದದ್ದು ರೇಸಿನಿಂದ. ಫೆರಾರಿ 640 ಫಾರ್ಮುಲಾ ಒನ್ ಕಾರನ್ನು ಮಾಡಿದ ಜಾನ್ ಬರ್ನಾರ್ಡ್‌ಗೆ ಗೇರ್ ಲಿವರ್ ಬೇಡವಾಗಿತ್ತು. ಲಿವರ್ ಇದ್ದರೆ ಚಾಲಕನ ಪಕ್ಕದಲ್ಲಿ ಅದಕ್ಕೆ ಜಾಗ ಬೇಕು, ಅಲ್ಲಿಂದ ಹಿಂದಿನ ಗೇರ್‌ಬಾಕ್ಸ್ ತನಕ ಕಂಬಿ ಎಳೆಯಬೇಕು, ಕಾರಿನ ಮೈ ಅಗಲವಾಗುತ್ತದೆ. ಸ್ಟೀರಿಂಗ್ ಹಿಂದೆ ಎರಡು ಪ್ಯಾಡಲ್ ಇಟ್ಟು ವೈರ್ ಎಳೆದರೆ ಆ ತಾಪತ್ರಯವೇ ಇಲ್ಲ, ಕೈಗಳೂ ಸ್ಟೀರಿಂಗ್ ಬಿಡುವುದಿಲ್ಲ. 1989ರ ಮಾರ್ಚ್ 26ರಂದು ಬ್ರೆಜಿಲ್‌ನಲ್ಲಿ ಈ ಕಾರಿನ ಮೊದಲ ರೇಸಿನಲ್ಲೇ ನೈಜೆಲ್ ಮ್ಯಾನ್ಸೆಲ್ ಗೆದ್ದರು. ಅದಕ್ಕೂ ಮೊದಲು ನಡೆದ ಟೆಸ್ಟ್‌ಗಳಲ್ಲಿ ಆ ಕಾರು ಪದೇ ಪದೇ ಕೆಟ್ಟು ನಿಂತಿತ್ತು, ಗೆಲುವನ್ನು ಯಾರೂ ನಿರೀಕ್ಷಿಸಿರಲಿಲ್ಲ. ಜೊತೆಗಾರ ಗೆರ್ಹಾರ್ಡ್ ಬರ್ಗರ್ ಆ ವರ್ಷ ಮೊದಲ ಬಾರಿ ರೇಸ್ ಮುಗಿಸಿದ್ದು ಸೆಪ್ಟೆಂಬರಿನಲ್ಲಿ, ಇಟಲಿಯ ಮೊಂಜಾದಲ್ಲಿ. ಎಲ್ಲದಕ್ಕೂ ಗೇರ್‌ಬಾಕ್ಸೇ ಕಾರಣ ಅಲ್ಲ, ಆದರೂ ಹೊಸ ಸಾಮಾನು ಎಷ್ಟು ಕಾಡಿತು ಅಂತ ಅಂದಾಜಾಗುತ್ತದೆ. ಅದೇ ತಂತ್ರ 1997ರಲ್ಲಿ ಎಫ್355 ಎಫ್1 ಆಗಿ ರಸ್ತೆಗೆ ಬಂತು. ರೇಸಿನಲ್ಲಿ ಕುಲುಕು ಯಾರಿಗೂ ಲೆಕ್ಕಕ್ಕಿಲ್ಲ, ಟ್ರಾಫಿಕ್ಕೂ ಇಲ್ಲ. ರಸ್ತೆಯಲ್ಲಿ ಎರಡೂ ಇದ್ದವು.

ಡ್ಯುಯಲ್ ಕ್ಲಚ್ ಈ ಅಂತರವನ್ನೇ ತೆಗೆದುಹಾಕಿತು. ಬಾವಿಯಿಂದ ನೀರು ಸೇದುವುದನ್ನು ನೋಡಿದ್ದೀರಲ್ಲ, ಒಂದು ಕೈ ಹಗ್ಗ ಬಿಡುವ ಮೊದಲೇ ಇನ್ನೊಂದು ಕೈ ಹಿಡಿದಿರುತ್ತದೆ, ಕೊಡ ಒಂದು ಕ್ಷಣವೂ ಕೆಳಗೆ ಜಾರುವುದಿಲ್ಲ. ಹಾಗೆ. ಒಂದು ಕ್ಲಚ್‌ಗೆ 1, 3, 5ನೇ ಗೇರುಗಳು, ಇನ್ನೊಂದಕ್ಕೆ 2, 4, 6. ಒಂದು ಟೊಳ್ಳು ಶಾಫ್ಟ್, ಅದರೊಳಗೆ ತೂರಿದ ಇನ್ನೊಂದು ಶಾಫ್ಟ್. ನೀವು ಎರಡನೇ ಗೇರಿನಲ್ಲಿ ಓಡುತ್ತಿರುವಾಗಲೇ ಮೂರನೆಯದು ಆ ಕಡೆ ಕೂಡಿ ಕಾಯುತ್ತಿರುತ್ತದೆ. ಪ್ಯಾಡಲ್ ಎಳೆದಾಗ ಆಗುವುದು ಒಂದು ಕ್ಲಚ್ ಸಡಿಲವಾಗುತ್ತಾ ಇನ್ನೊಂದು ಬಿಗಿಯಾಗುವುದು ಮಾತ್ರ. ಆ ಕೈಬದಲು ನಡೆಯುವಷ್ಟು ಹೊತ್ತೂ ಚಕ್ರಕ್ಕೆ ಎಳೆತ ಹೋಗುತ್ತಲೇ ಇರುತ್ತದೆ. ಹಾಗಾಗಿ ಕೈಬದಲಿಗೆ ಅವೆಂಟಡಾರ್‌ಗಿಂತ ಜಾಸ್ತಿ ಹೊತ್ತು ಹಿಡಿದರೂ ಕಾರು ಕಳೆದುಕೊಳ್ಳುವುದು ಏನೂ ಇಲ್ಲ.

ಈ ಯೋಚನೆ ಹೊಸದಲ್ಲ ಅನ್ನುವುದು ನನಗೆ ಬಹಳ ಇಷ್ಟವಾದ ವಿಷಯ. ಅಡಾಲ್ಫ್ ಕೆಗ್ರೆಸ್ ಎಂಬ ಫ್ರೆಂಚ್ ಇಂಜಿನಿಯರ್ 1939ರಲ್ಲೇ ಇದನ್ನು ಹೊಳೆಯಿಸಿಕೊಂಡಿದ್ದರು. ಯುದ್ಧ ಬಂತು, ಕಾರು ಬರಲಿಲ್ಲ. 1980ರ ದಶಕದಲ್ಲಿ ಪೋರ್ಷೆ ತನ್ನ 956, 962 ರೇಸ್ ಕಾರುಗಳಲ್ಲಿ ಪಿಡಿಕೆ ಹೆಸರಿನಲ್ಲಿ ಪ್ರಯತ್ನಿಸಿತು, 1986ರಲ್ಲಿ ಮೊಂಜಾದಲ್ಲಿ ಹಾನ್ಸ್ ಸ್ಟುಕ್ ಮತ್ತು ಡೆರೆಕ್ ಬೆಲ್ ಅದರಿಂದ ಗೆದ್ದರು ಕೂಡ. ಆದರೆ ಅದು ಭಾರ, ಮತ್ತು ಎರಡು ಕ್ಲಚ್‌ಗಳನ್ನು ಒಟ್ಟಿಗೆ ಹದವಾಗಿ ಆಡಿಸಲು ಬೇಕಾದ ಕಂಪ್ಯೂಟರ್ ಬುದ್ಧಿ ಆಗ ಇನ್ನೂ ಎಳೆಯದು. ಎರಡೂ ಒಟ್ಟಿಗೆ ಪೂರ್ತಿ ಹಿಡಿದರೆ ಎರಡು ಗೇರುಗಳು ಒಂದಕ್ಕೊಂದು ಜಗ್ಗಾಡುತ್ತವೆ, ಎರಡೂ ಬಿಟ್ಟರೆ ಮತ್ತೆ ಅದೇ ಅಂತರ. ಆ ನಾಜೂಕು ಮಾರುಕಟ್ಟೆಗೆ ಬರುವ ಕಾರಿನಲ್ಲಿ ಸಾಧ್ಯವಾಗಿದ್ದು 2003ರಲ್ಲಿ, ಗಾಲ್ಫ್ ಆರ್32ನಲ್ಲಿ. ಪೋರ್ಷೆ 911ಗೆ ಪಿಡಿಕೆ ಬಂದಿದ್ದು 2008ರಲ್ಲಿ. ಫೆರಾರಿಯೂ ಅದೇ ವರ್ಷ ಕ್ಯಾಲಿಫೋರ್ನಿಯಾ ಎಂಬ ಕಾರಿನಲ್ಲಿ ಇದಕ್ಕೆ ಬಂತು, ಮರುವರ್ಷದ 458 ಇಟಾಲಿಯಾದಲ್ಲಿ ಬೇರೆ ಗೇರ್‌ಬಾಕ್ಸೇ ಇಡಲಿಲ್ಲ.

ಡ್ಯುಯಲ್ ಕ್ಲಚ್‌ಗೆ ಒಂದು ದೌರ್ಬಲ್ಯ ಇದೆ, ಅದು ಊಹೆಯ ಮೇಲೆ ಬದುಕುತ್ತದೆ. ಸ್ನೇಹಿತನ ಆಕ್ಟೇವಿಯಾ ವಿಆರ್‌ಎಸ್‌ನಲ್ಲಿ ಚಾರ್ಮಾಡಿ ಘಾಟಿ ಹತ್ತುವಾಗ ಇದು ಚೆನ್ನಾಗಿ ಅರ್ಥವಾಯಿತು. 230 ಎಚ್‌ಪಿ, ಎಣ್ಣೆಯಲ್ಲಿ ಮುಳುಗಿದ ಕ್ಲಚ್‌ಗಳ ಸಿಕ್ಸ್ ಸ್ಪೀಡ್ ಡಿಎಸ್‌ಜಿ (ಫೋಕ್ಸ್‌ವ್ಯಾಗನ್ ಗುಂಪಿನ ಡ್ಯುಯಲ್ ಕ್ಲಚ್‌ನ ಹೆಸರು). ತಿರುವಿಗೆ ಬ್ರೇಕ್ ಹಾಕಿದರೆ ಅದಕ್ಕೆ ಗೊತ್ತು, ಕೆಳಗಿನ ಗೇರ್ ಬೇಕಾಗುತ್ತದೆ ಅಂತ. ತಾನೇ ಇಂಜಿನ್‌ಗೆ ಒಂದು ಗುಟುಕು ಆಕ್ಸಿಲರೇಟರ್ ಕೊಟ್ಟು ಎರಡನೆಯದಕ್ಕೆ ಇಳಿಯುತ್ತದೆ, ತಿರುವಿನ ಮಧ್ಯದಲ್ಲೂ ಚಕ್ರಕ್ಕೆ ಧಕ್ಕೆ ಆಗುವುದಿಲ್ಲ. ಆದರೆ ಒಂದು ಬಸ್ಸಿನ ಹಿಂದೆ ಮೂರನೇ ಗೇರಿನಲ್ಲಿ ಅರ್ಧ ಆಕ್ಸಿಲರೇಟರ್‌ನಲ್ಲಿ ಹೋಗುತ್ತಿದ್ದೆವು. ವೇಗ ನಿಧಾನಕ್ಕೆ ಏರುತ್ತಿದೆ, ಹಾಗಾಗಿ ಅದು ನಾಲ್ಕನೆಯದನ್ನು ತಯಾರು ಮಾಡಿ ಇಟ್ಟುಕೊಂಡಿರುತ್ತದೆ. ನೇರ ರಸ್ತೆ ಸಿಕ್ಕಿತು, ಬಸ್ಸಿನ ಡ್ರೈವರ್ ಕೈ ತೋರಿಸಿದ, ಸ್ನೇಹಿತ ಪೂರ್ತಿ ತುಳಿದ. ಈಗ ಬೇಕಾಗಿದ್ದು ಎರಡು. ಎರಡು ಮತ್ತು ನಾಲ್ಕು ಒಂದೇ ಶಾಫ್ಟಿನಲ್ಲಿವೆ, ಮೊದಲು ನಾಲ್ಕನ್ನು ಕಳಚಿ ಎರಡನ್ನು ಕೂಡಿಸಬೇಕು, ಆಮೇಲೆ ಕೈಬದಲು. ಆ ಒಂದು ಕ್ಷಣ ಏನೂ ಆಗದ ಹಾಗೆ ಅನಿಸುತ್ತದೆ, ಆಮೇಲೆ ಕಾರು ಹಾರುತ್ತದೆ. ಮುಂದಿನ ಸಲ ಅವನು ಬಸ್ಸಿನ ಹಿಂದೆ ಇರುವಾಗಲೇ ಎಡ ಪ್ಯಾಡಲ್ ಎಳೆದು ಎರಡಕ್ಕೆ ಇಳಿಸಿ ಕಾದ. ತುಳಿದ ಕೂಡಲೇ ಹೊರಟಿತು. ಪ್ಯಾಡಲ್‌ಗಳ ನಿಜವಾದ ಉಪಯೋಗ ನನ್ನ ಮಟ್ಟಿಗೆ ಇದು, ಮುಂದೆ ರಸ್ತೆ ಹೇಗಿದೆ ಅಂತ ಕಾಣದ ಗೇರ್‌ಬಾಕ್ಸ್‌ಗೆ ಮೊದಲೇ ಹೇಳಿಡುವುದು.

ಇಷ್ಟಾಗಿಯೂ ಅವೆಂಟಡಾರ್ 2011ರಲ್ಲಿ ಯಾಕೆ ಒಂದೇ ಕ್ಲಚ್ ಇಟ್ಟುಕೊಂಡು ಬಂತು? ತೂಕ ಮತ್ತು ಜಾಗ. ದೊಡ್ಡ ವಿ12ನ ಟಾರ್ಕ್ ತಾಳುವ ಡ್ಯುಯಲ್ ಕ್ಲಚ್ ಭಾರ, ದಪ್ಪ. ಅದರ ಬದಲು ಬೇರೆ ಬೇರೆಯಾಗಿ ಚಲಿಸುವ ಶಿಫ್ಟ್ ರಾಡುಗಳನ್ನಿಟ್ಟು, ಒಂದು ಗೇರ್ ಕಳಚುತ್ತಿರುವಾಗಲೇ ಇನ್ನೊಂದು ಕೂಡಲು ಶುರುವಾಗುವ ಹಾಗೆ ಮಾಡಿದರು. ಲೆಕ್ಸಸ್ ಎಲ್‌ಎಫ್‌ಎ ಕಥೆ ಇನ್ನೂ ಚೆಂದ. 500 ಕಾರು ಮಾತ್ರ, 9000 ಆರ್‌ಪಿಎಂ ತಿರುಗುವ ವಿ10. ಅದು ಬಂದ 2010ರ ಹೊತ್ತಿಗೆ ಡ್ಯುಯಲ್ ಕ್ಲಚ್ ಸುಲಭವಾಗಿ ಸಿಗುತ್ತಿತ್ತು, ಆದರೂ ಗೇರ್ ಬಿದ್ದದ್ದು ಮೈಗೆ ಗೊತ್ತಾಗಬೇಕು ಅಂತ ಬೇಕೆಂದೇ ಒಂದೇ ಕ್ಲಚ್ ಇಟ್ಟರು. ಅದು ತಪ್ಪು ಆಯ್ಕೆ ಅಂತ ಬರೆದವರು ಬಹಳ ಮಂದಿ. ನನಗೆ ಹಾಗನಿಸುವುದಿಲ್ಲ. ಆ ಇಂಜಿನ್‌ಗೆ ಅಂಥದ್ದೊಂದು ಗೇರ್‌ಬಾಕ್ಸ್ ಒಪ್ಪುತ್ತದೆ, ಮತ್ತು ಅದು ದಿನಾ ಆಫೀಸಿಗೆ ಹೋಗುವ ಕಾರಲ್ಲ.

ನಮ್ಮ ದೇಶಕ್ಕೆ ಇದು ಬಂದ ದಾರಿ ನೋಡಿ. ಫೆರಾರಿಯ ಎಫ್1 ಗೇರ್‌ಬಾಕ್ಸ್‌ಗೆ ಹೈಡ್ರಾಲಿಕ್ ವ್ಯವಸ್ಥೆ ಮಾಡಿದ್ದ ಮ್ಯಾಗ್ನೆಟಿ ಮರೆಲಿ ಕಂಪನಿಯೇ 2014ರಲ್ಲಿ ಮಾರುತಿ ಸೆಲೆರಿಯೋಗೂ ಎಎಂಟಿ ಕೊಟ್ಟಿತು, ಭಾರತದ ಮೊದಲ ಎಎಂಟಿ ಕಾರು ಅದೇ. ತತ್ವ ಒಂದೇ, ಮಾಮೂಲಿ ಗೇರ್‌ಬಾಕ್ಸ್ ಮೇಲೆ ಹೈಡ್ರಾಲಿಕ್ ಕೈ. ಸೆಲೆರಿಯೋದಲ್ಲಿ ಕೂತು ಒಂದರಿಂದ ಎರಡಕ್ಕೆ ಹೋಗುವಾಗ ತಲೆ ತೂಗುತ್ತದಲ್ಲ, ಕೋಟಿಗಟ್ಟಲೆ ಕೊಟ್ಟ ಲ್ಯಾಂಬೊರ್ಗಿನಿಯಲ್ಲೂ ತೂಗುವುದು ಅದೇ ಕಾರಣಕ್ಕೆ.

ಡ್ಯುಯಲ್ ಕ್ಲಚ್ ಮಾತ್ರ ಬೆಂಗಳೂರಿನಲ್ಲಿ ಬೇರೆಯೇ ಪರೀಕ್ಷೆ ಎದುರಿಸಿತು. 2013ರ ಪೋಲೋ ಜಿಟಿ ಟಿಎಸ್‌ಐನಲ್ಲಿ ಇದ್ದದ್ದು ಡ್ರೈ ಕ್ಲಚ್‌ನ ಸೆವೆನ್ ಸ್ಪೀಡ್ ಡಿಎಸ್‌ಜಿ. ತಣ್ಣಗಿಡಲು ಕ್ಲಚ್ ಸುತ್ತ ಎಣ್ಣೆ ಇಲ್ಲ, ಗಾಳಿ ಮಾತ್ರ. ಸಿಲ್ಕ್ ಬೋರ್ಡ್ ಸಂಜೆ ಟ್ರಾಫಿಕ್ಕಿನಲ್ಲಿ ಎರಡು ಅಡಿ ಮುಂದೆ, ನಿಲ್ಲು, ಮತ್ತೆ ಎರಡು ಅಡಿ. ಪ್ರತಿ ಸಲವೂ ಕ್ಲಚ್ ಪೂರ್ತಿ ಹಿಡಿಯದೆ ಉಜ್ಜುತ್ತಾ ಇರುತ್ತದೆ, ಅಂದರೆ ನೀವು ಹಾಫ್ ಕ್ಲಚ್‌ನಲ್ಲೇ ಇದ್ದೀರಿ, ಕಾಲಿಗೆ ಅದು ಗೊತ್ತಾಗುವುದಿಲ್ಲ ಅಷ್ಟೇ. ಬಿಸಿಯಾಗುತ್ತದೆ, ನಡುಗುತ್ತದೆ, ಆಮೇಲೆ ಎಚ್ಚರಿಕೆಯ ದೀಪ. ಇಂಥ ಕಾರು ಇರುವವರಿಗೆ ನಾನು ಯಾವಾಗಲೂ ಹೇಳುವುದು: ಮುಂದಿನ ಕಾರಿಗೆ ಅಂಟಿಕೊಂಡು ತೆವಳಬೇಡಿ, ಒಂದು ಕಾರಿನಷ್ಟು ಜಾಗ ಆಗಲು ಬಿಡಿ, ಆಮೇಲೆ ಒಂದೇ ಸಲ ಹೊರಟು ಬ್ರೇಕ್ ಗಟ್ಟಿಯಾಗಿ ಒತ್ತಿ ನಿಲ್ಲಿ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ಹಿಡಿದು ನಿಲ್ಲಿಸಲೇಬೇಡಿ. ಬ್ರೇಕ್ ಪೂರ್ತಿ ಒತ್ತಿದ್ದರೆ ಕ್ಲಚ್ ಬಿಟ್ಟು ವಿಶ್ರಾಂತಿಗೆ ಹೋಗುತ್ತದೆ, ಅರ್ಧ ಒತ್ತಿದ್ದರೆ ಉಜ್ಜುತ್ತಲೇ ಇರುತ್ತದೆ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ.

ಈ ಕಾರಣಕ್ಕೇ ನನಗೆ 2017ರ ಬಿಎಂಡಬ್ಲ್ಯು ಎಂ5 ದೊಡ್ಡ ಸುದ್ದಿಯಾಗಿ ಕಂಡಿತು. ಎಸ್‌ಎಂಜಿಯಿಂದ ಡ್ಯುಯಲ್ ಕ್ಲಚ್‌ಗೆ ಬಂದಿದ್ದ ಎಂ ವಿಭಾಗ ಅದನ್ನೂ ಬಿಟ್ಟು ಝಡ್‌ಎಫ್ ಕಂಪನಿಯ ಎಂಟು ಗೇರಿನ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್‌ಗೆ ಹೋಯಿತು, ಆಮೇಲೆ ಎಂ3, ಎಂ2 ಕೂಡ. ಇಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಕೂರುವ ಈಗಿನ ಕನ್ವರ್ಟರ್ ಹೊರಡುವಾಗ ಮಾತ್ರ ಎಣ್ಣೆಯ ಮೂಲಕ ಎಳೆಯುತ್ತದೆ, ಆಮೇಲೆ ಲಾಕ್ ಆಗಿಬಿಡುತ್ತದೆ. ಒಳಗೆ ಗೇರ್ ಬದಲಾಗುವುದೂ ಒಂದು ಕ್ಲಚ್ ಬಿಡುತ್ತಾ ಇನ್ನೊಂದು ಹಿಡಿಯುವ ಕೈಬದಲಿನಿಂದಲೇ, ಎಳೆತ ಕಡಿಯುವುದಿಲ್ಲ. ಮೇಲಿಂದ ಟ್ರಾಫಿಕ್ಕಿನಲ್ಲಿ ತೆವಳಿದರೂ ಕ್ಲಚ್ ಸುಡುವ ಭಯ ಇಲ್ಲ. ಟ್ರ್ಯಾಕಿಗೆ ಹತ್ತಿರದ ಪೋರ್ಷೆ, ಫೆರಾರಿ ಮಾತ್ರ ಡ್ಯುಯಲ್ ಕ್ಲಚ್ ಬಿಟ್ಟಿಲ್ಲ, ಅವೆಂಟಡಾರ್ ನಂತರ ಬಂದ ರೆವುಯೆಲ್ಟೋ ಕೂಡ ಕೊನೆಗೆ ಅದಕ್ಕೇ ಬಂತು.

ಟೆಸ್ಟ್ ಡ್ರೈವ್‌ಗೆ ಹೋದರೆ ಸುಮ್ನೆ ಖಾಲಿ ರಸ್ತೆಯಲ್ಲಿ ಸೊನ್ನೆಯಿಂದ ನೂರು ನೋಡಿ ವಾಪಸ್ ಬರಬೇಡಿ, ಅಲ್ಲಿ ಎಲ್ಲವೂ ಚೆನ್ನಾಗಿರುತ್ತವೆ. ಫ್ಲೈಓವರ್ ಏರಿನಲ್ಲಿ ಸಿಕ್ಕಿಕೊಂಡು ಹೊರಡಿ. ಮೂರನೇ ಗೇರಿನಲ್ಲಿ ಅರ್ಧ ಆಕ್ಸಿಲರೇಟರ್‌ನಲ್ಲಿ ಹೋಗುತ್ತಾ ಒಮ್ಮೆ ಪೂರ್ತಿ ತುಳಿಯಿರಿ. ಬೇಸ್‌ಮೆಂಟ್ ರ‍್ಯಾಂಪ್ ಸಿಕ್ಕರೆ ರಿವರ್ಸ್‌ನಲ್ಲಿ ನಿಧಾನಕ್ಕೆ ಹತ್ತಿಸಿ, ಸುಟ್ಟ ವಾಸನೆ ಬರುತ್ತಾ ನೋಡಿ. ಪ್ಯಾಡಲ್ ಎಳೆದು ಸದ್ದು ಕೇಳುವುದು ಆಮೇಲೆ.