ಬುಡದ ಪಟ್ಟಿ

ನಿನ್ನೆ ರಾತ್ರಿ ಹನ್ನೊಂದರ ಮ್ಯಾಲ ಟೀವಿ ಹಚ್ಚಿದ್ರ ಯಾವುದೋ ನಟಿ ಮದುವಿ ಸುದ್ದಿ. ಒಂದ ಫೋಟೋ, ಅದರ ಮ್ಯಾಲ ಕೆಂಪು ರೌಂಡು, ಬಾಣದ ಗುರ್ತು, ಹಿಂದ ಢಂ ಢಂ ಮ್ಯೂಜಿಕ್ಕು. ಅದ ತಿರುಗಿ ತಿರುಗಿ.

ಆ ಫೋಟೋದ ಬುಡಕ ಓಡೋ ಪಟ್ಟಿಯೊಳಗ ಆಲಮಟ್ಟಿ ಅಂತ ಕಂಡ್ತು. ಪೂರಾ ಓದೂದ್ರಾಗ ಬಂಗಾರದ ರೇಟು ಬಂತು.

ನಮ್ಮ ಬಾಗಲಕೋಟಿ ಮಂದಿಗೆ ಅದು ಬುಡದಾಗ ಓಡೋ ಸುದ್ದಿ ಅಲ್ರಿ. ಆಲಮಟ್ಟಿ ಡ್ಯಾಮಿನ ನೀರಿನ ಮಟ್ಟ 519.60 ಮೀಟರ್‌ನಿಂದ 524.256ಕ್ಕ ಏರಿಸಾಕ ಕೃಷ್ಣಾ ನದಿ ನೀರು ಹಂಚೋ ನ್ಯಾಯಮಂಡಳಿ ಒಪ್ಪಿದ್ದು 2010ರಾಗ. ಇನ್ನೂ ಏರಿಲ್ಲ. ಏರಿದ್ರ ಮುಳುಗೋ ಹೊಲದಾಗ ಬೋರ್ ಹೊಡಸಬೇಕೋ ಬ್ಯಾಡೋ, ಮನಿಗೆ ಸ್ಲ್ಯಾಬ್ ಹಾಕಬೇಕೋ ಬ್ಯಾಡೋ, ಯಾರಿಗೂ ತಿಳಿವಲ್ದು. ಅಷ್ಟರಾಗ ಎಷ್ಟ ಸರಕಾರ ಬಂದು ಹೋದ್ವು!

ನಮ್ಮವ್ವಗ ಪತ್ತೇದಾರಿ ಕಾದಂಬರಿ ಅಂದ್ರ ಪ್ರಾಣ. "ಕೊಲಿ ಮಾಡಿದಾಂವ ಯಾರಂತ ಕಡೀ ಪುಟದಾಗರ ಹೇಳ್ತಾರಲ್ಲೋ ತಮ್ಮಾ" ಅಂತಾಳ. ಖರೇ ಐತಿ. ಓದೋ ಮಂದಿ ಮ್ಯಾಲ ಕಾದಂಬರಿ ಬರಿಯೋರಿಗೆ ಅಷ್ಟು ಗೌರವ ಐತಿ.

ಟೀವಿಯವ್ರೂ ರಾತ್ರಿ ಚರ್ಚಾಕ್ಕ ಎಲ್ಲಾ ಪಕ್ಷದವ್ರನ್ನ ಕುಂದ್ರಿಸಿ ಒಂದ ಮಾತು ಕೇಳ್ರಿ: ಪರಿಹಾರದ ರೊಕ್ಕ ಯಾವ ವರ್ಷ ಕೈಗೆ ಬರತೈತಿ? ಅವ್ರು ಹೇಳೂತನಕ ಬ್ರೇಕ್ ತಗೋಬ್ಯಾಡ್ರಿ.